ಮೂರಕ್ಷರದ ಮುಂದೆ ಒಂಬತ್ತು ತಿಂಗಳು

ಇಂಗ್ಲಿಷಿನ ‘ರನ್’ ಎಂಬ ಕ್ರಿಯಾಪದಕ್ಕೆ ಅವರ ಲಿಪಿಯಲ್ಲಿ ಮೂರೇ ಅಕ್ಷರ. ಶಾಲೆಯ ಮಗು ‘ರನ್ ಅಂದರೆ ಓಡು’ ಎಂದು ಒಂದೇ ಉಸಿರಿಗೆ ಕಲಿತು ಮುಂದಿನ ಪದಕ್ಕೆ ಹೋಗುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಪೀಟರ್ ಗಿಲಿವರ್ ಮಾತ್ರ ಅದೇ ಪದವನ್ನು ಹಿಡಿದು ಒಂಬತ್ತು ತಿಂಗಳು ಕೂತರು. ಅವರ ಲೆಕ್ಕಕ್ಕೆ ಸಿಕ್ಕಿದ್ದು 645 ಅರ್ಥಗಳು. ನಾಮಪದವಾಗಿ ಅದು ಮಾಡುವ ಕೆಲಸ ಇದರಲ್ಲಿ ಸೇರಿಲ್ಲ.

ಅದಕ್ಕೂ ಮುಂಚೆ, 1989ರ ಆವೃತ್ತಿಯಲ್ಲಿ, ‘ಸೆಟ್’ ಎಲ್ಲಕ್ಕಿಂತ ದೊಡ್ಡ ನಮೂದಾಗಿತ್ತು. ಪರಿಷ್ಕರಣೆ ಶುರುವಾದ ಮೇಲೆ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’ ಒಂದನ್ನೊಂದು ಹಿಂದೆ ಹಾಕಿದವು. ಇವೆಲ್ಲ ಎಲ್ಲರ ಬಾಯಲ್ಲೂ ದಿನವಿಡೀ ಹೊರಳುವ ಪುಟ್ಟ ಪದಗಳೇ. ಪಂಡಿತರ ಪದ ಇದರಲ್ಲಿ ಒಂದೂ ಇಲ್ಲ.

ಒಂಬತ್ತು ತಿಂಗಳು ಏನು ಮಾಡಿರಬಹುದು ಎಂದು ಕೇಳಬೇಡಿ. ಒಂದು ಬಚ್ಚಲುಮನೆಯಷ್ಟೇ ಜಾಗದಲ್ಲಿ ಈ ಪದ ಏನೇನು ಮಾಡುತ್ತದೆ ನೋಡಿ. ನಲ್ಲಿಯಿಂದ ನೀರು ‘ರನ್’ ಆಗುತ್ತದೆ, ಅಂದರೆ ಹರಿಯುತ್ತದೆ. ಇಂಗ್ಲಿಷಿನವರು ನಲ್ಲಿಯೇ ‘ರನ್’ ಆಗುತ್ತಿದೆ ಎಂದೂ ಹೇಳುತ್ತಾರೆ. ನಲ್ಲಿ ಇದ್ದಲ್ಲೇ ಇದೆ, ಹರಿಯುವುದು ನೀರು. ಸ್ನಾನಕ್ಕೆ ತೊಟ್ಟಿ ತುಂಬಿಸುವವರು ಸ್ನಾನವನ್ನೇ ‘ರನ್’ ಮಾಡುತ್ತಾರೆ. ನೆನೆಸಿದ ಬಟ್ಟೆ ಬಣ್ಣ ಬಿಟ್ಟರೆ ಬಣ್ಣವೂ ‘ರನ್’, ಶೀತವಾದರೆ ಮೂಗೂ ‘ರನ್’. ಇವೆಲ್ಲ ಒಂದೇ ಅರ್ಥವೋ, ಬೇರೆ ಬೇರೆಯೋ? ಯಾವುದು ಯಾವುದರಿಂದ ಹುಟ್ಟಿತು? ಯಾವ ಕಾಲದ ಬರಹದಲ್ಲಿ ಮೊದಲು ಕಂಡಿತು? ಪ್ರತಿ ಬಳಕೆಯ ಮುಂದೆಯೂ ನಿಂತು ಇದನ್ನು ಕೇಳಬೇಕು. ಹಳೆಯ ಇಂಗ್ಲಿಷಿನಲ್ಲೇ ಕಾಲಿನ ಓಟಕ್ಕೂ ನೀರಿನ ಹರಿವಿಗೂ ಇದು ಸಲ್ಲುತ್ತಿತ್ತು. ಆಮೇಲೆ ಯಂತ್ರಗಳು ಬಂದವು, ರೈಲು ಬಂತು, ಕಂಪ್ಯೂಟರ್ ಬಂತು. ಬಂದದ್ದನ್ನೆಲ್ಲ ಆ ಪುಟ್ಟ ಪದ ಮೈಮೇಲೆ ಹಾಕಿಕೊಂಡಿತು.

ಈ ತಾಳ್ಮೆ ಆ ನಿಘಂಟಿಗೆ ಹುಟ್ಟಿನಿಂದಲೇ ಬಂದದ್ದು. ಅದರ ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಸಾಮಾನ್ಯ ಓದುಗರಿಗೆ ಮನವಿ ಮಾಡಿ, ಓದಿದ ಪುಸ್ತಕಗಳಿಂದ ಒಂದೊಂದು ಚೀಟಿಗೆ ಒಂದೊಂದು ವಾಕ್ಯ ಬರೆದು ಕಳುಹಿಸಿ ಎಂದು ಕೇಳಿಕೊಂಡರು. ಚೀಟಿಗಳು ಲಕ್ಷಗಟ್ಟಲೆ ಬಂದವು. ಕೆಲಸ ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು. ಮುಗಿಯುವುದನ್ನು ಕಾಣುವ ಖಾತ್ರಿ ಇಲ್ಲದಿದ್ದರೂ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವ ಮನಸ್ಸಿಗೆ ನಾನು ತಲೆಬಾಗುತ್ತೇನೆ.

‘ರನ್’ ಜೊತೆ ಸ್ವಲ್ಪ ಹೊತ್ತು ಕೂತವರಿಗೆ ನಮ್ಮ ಮಾತೂ ಬೇರೆಯಾಗಿ ಕೇಳಿಸತೊಡಗುತ್ತದೆ. ಇಂಗ್ಲಿಷಿನವರು ಓಡಿಸುವುದನ್ನು ನಾವು ಬಹುಪಾಲು ನಡೆಸುತ್ತೇವೆ. ಅಂಗಡಿ ನಡೆಸುತ್ತೇವೆ, ಶಾಲೆ ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ. ಸರ್ಕಾರವೂ ನಡೆಯುತ್ತದೆ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ಓಡಿದರೆ ನಮ್ಮವರು ಚುನಾವಣೆಗೆ ನಿಲ್ಲುತ್ತಾರೆ. ಹರಿದ ನೋಟು ನಡೆಯುವುದಿಲ್ಲ, ಊರಲ್ಲಿ ಹಿರಿಯರ ಮಾತು ನಡೆಯುತ್ತದೆ, ‘ನಿನ್ನ ಆಟ ಇಲ್ಲಿ ನಡೆಯೋದಿಲ್ಲ’ ಎಂದು ಗದರಿಸುತ್ತೇವೆ. ಮನುಷ್ಯನ ಗುಣಕ್ಕೂ ‘ನಡತೆ’ ಎಂದೇ ಹೆಸರು. ಸಿನಿಮಾ ಮಾತ್ರ ನೂರು ದಿನ ಓಡುತ್ತದೆ, ಲೆಕ್ಕದ ಮುಂದೆ ಕೂತಾಗ ತಲೆ ಓಡುವುದಿಲ್ಲ. ಇದರಿಂದ ನಾವು ನಿಧಾನದ ಜನ, ಅವರು ಅವಸರದ ಜನ ಎಂದು ತೀರ್ಪು ಕೊಡುವುದು ಸುಲಭ. ಅದು ಸರಿಯಲ್ಲ. ಎರಡು ಕಡೆಯ ಜನರೂ ಮೈ ಮಾಡುವ ತೀರಾ ಸರಳ ಕೆಲಸವನ್ನು ಹಿಡಿದೇ ಬದುಕಿನ ಕಷ್ಟದ ಸಂಗತಿಗಳನ್ನು ಹೇಳಿಕೊಂಡಿದ್ದಾರೆ. ನನ್ನನ್ನು ತಟ್ಟುವುದು ಅದು.

ನಮ್ಮಲ್ಲೂ ಹೀಗೆ ಕೂತವರಿದ್ದಾರೆ. ಜರ್ಮನಿಯಿಂದ ಬಂದ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟನ್ನು ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದ ಜಿ. ವೆಂಕಟಸುಬ್ಬಯ್ಯನವರು ನೂರು ದಾಟಿದ ಮೇಲೂ ಪದಗಳ ಬಗ್ಗೆಯೇ ಮಾತಾಡುತ್ತಿದ್ದರು.

ಪದದ ಮುಂದೆ ಹೀಗೆ ಕೂರುವುದು ಮಕ್ಕಳಿಗೂ ಒಳ್ಳೆಯದು. ಇಂಗ್ಲಿಷ್ ಎಂದರೆ ಹೆದರುವ ಮಕ್ಕಳು ನಮ್ಮ ಊರುಗಳಲ್ಲಿ ಬಹಳ. ಉದ್ದುದ್ದ ಪದಗಳ ಸ್ಪೆಲಿಂಗ್ ಉರು ಹೊಡೆಸಿ ಆ ಹೆದರಿಕೆಯನ್ನು ನಾವೇ ಬೆಳೆಸುತ್ತಿದ್ದೇವೆ. ತಂದೆತಾಯಂದಿರಲ್ಲಿ, ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ವಾರಕ್ಕೊಂದು ಪುಟ್ಟ ಕ್ರಿಯಾಪದ ತೆಗೆದುಕೊಳ್ಳಿ, ‘ರನ್’ನಿಂದಲೇ ಶುರು ಮಾಡಿ. ಅದು ಬರುವ ಹತ್ತು ವಾಕ್ಯಗಳನ್ನು ಮಗುವಿನ ಜೊತೆ ಕೂತು ಹುಡುಕಿ, ಪ್ರತಿಯೊಂದಕ್ಕೂ ನಮ್ಮ ಮನೆಯಲ್ಲಿ ಏನನ್ನುತ್ತೇವೆ ಎಂದು ಮಗುವನ್ನೇ ಕೇಳಿ. ಉತ್ತರ ಹೇಳಲು ಅವಸರ ಮಾಡಬೇಡಿ.