ಹೆಬ್ಬೆಟ್ಟಿನ ಒಪ್ಪಿಗೆ

ಮಾವಿನಕಾಯಿ ಚಟ್ನಿಯ ಬಗೆ ನೋಡಲೆಂದೋ, ತಪ್ಪಿಹೋದ ಧಾರಾವಾಹಿಯ ಕಂತು ಹುಡುಕಲೆಂದೋ ಫೋನಿನಲ್ಲಿ ಒಂದು ವೆಬ್‌ಸೈಟ್ ತೆರೆಯುತ್ತೇವೆ. ಮೊದಲು ಅದೇ ನಮ್ಮನ್ನು ಕೇಳುತ್ತದೆ: ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೌ ಒತ್ತಿ.’ ಮನುಷ್ಯರೆಂದು ರುಜುವಾತು ಕೊಡುವ ಕಾಲ ಬಂತಲ್ಲ ಎಂದು ನಗುತ್ತ ಒತ್ತುತ್ತೇವೆ. ಅಲ್ಲಿಗೆ, ಹೊತ್ತಿಲ್ಲದ ಹೊತ್ತಿನಲ್ಲಿ ನಮ್ಮ ಫೋನಿಗೆ ನೋಟಿಫಿಕೇಶನ್ ಕಳಿಸುವ ಅನುಮತಿ ಅದಕ್ಕೆ ಸಿಕ್ಕಂತಾಯಿತು. ವೆಬ್‌ಸೈಟ್ ಮುಚ್ಚಿದರೂ ಅನುಮತಿ ಮುಚ್ಚುವುದಿಲ್ಲ.

ಮಾನ್ವಿಯ ನಮ್ಮ ಚಿಕ್ಕಮ್ಮನಿಗೆ ಹೀಗೇ ಆಯಿತು. ‘ಫೋನಿಗೆ ವೈರಸ್ ಹೊಕ್ಕಿದೆ’, ‘ನಿಮ್ಮ ಬ್ಯಾಂಕ್ ಖಾತೆ ಬಂದ್ ಆಗಲಿದೆ’ ಎಂದು ದಿನಕ್ಕೆ ಹತ್ತಾರು ಸಲ ಗಂಟೆ ಬಾರಿಸಿ ಹೇಳಿತು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಆ ಖಾತೆಗೇ. ಪುಣ್ಯಕ್ಕೆ ಆಕೆ ಯಾವುದನ್ನೂ ಮುಟ್ಟಲಿಲ್ಲ. ಆದರೆ ಬೈಸಿಕೊಳ್ಳುವ ಅಂಜಿಕೆಗೆ ಎಂಟು ದಿನ ಯಾರಿಗೂ ಹೇಳದೆ ಫೋನನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದಳು. ದೇವದುರ್ಗದಲ್ಲಿ ನೌಕರಿ ಮಾಡುವ ಮಗ ಬಂದು ನೋಡಿ, ‘ಒತ್ತಿದಾಕಿ ನೀನೇ ಅಲ್ಲೇನಬೇ? ನೀನೇ ಕರದು ಈಗ ಅಳ್ತಿ’ ಎಂದನಂತೆ. ರಾಯಚೂರಿಗೆ ನಮ್ಮ ಮನೆಗೆ ಬಂದಾಗ ಚಿಕ್ಕಮ್ಮ ಅದನ್ನೇ ಕೇಳಿದಳು: ‘ನಾನೇ ಒಪ್ಪೀನಂತ, ಖರೇ ಏನವಾ?’

ಖರೆಯಲ್ಲ. ಬೆರಳು ಒತ್ತುವುದು ಬೇರೆ, ಮನಸ್ಸು ಒಪ್ಪುವುದು ಬೇರೆ. ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಸಮ್ಮತಿ ಎಂದು 1872ರ ಕರಾರು ಕಾಯಿದೆಯೇ ಹೇಳುತ್ತದೆ. ಚಿಕ್ಕಮ್ಮ ಒಪ್ಪಿದ್ದು ತಾನು ಮನುಷ್ಯಳೆಂಬ ಮಾತಿಗೆ. ಅವರು ಪಡೆದದ್ದು ಆಕೆಯ ಅಡುಗೆಮನೆಯೊಳಗೆ ನಿಂತು ಕೂಗುವ ಹಕ್ಕನ್ನು. ಸಾಲದ ಚೀಟಿ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲದ ಖರೀದಿ ಪತ್ರ ಮಾಡಿಸಿಕೊಂಡವರ ಕಥೆ ನೀವೂ ಕೇಳಿರುತ್ತೀರಿ. ಆಗ ಹೆಬ್ಬೆಟ್ಟಿನವಳಿಗೆ ಓದು ಬರದ್ದಕ್ಕೆ ಮೋಸ. ಈಗ ಓದು ಬಂದರೂ ಮೋಸ. ವ್ಯತ್ಯಾಸ ಮಸಿಯದು ಮಾತ್ರ.

ಹಾಗಾದರೆ ನಮ್ಮ ಎಚ್ಚರ ನಮಗಿರಬೇಡವೇ ಎಂದು ನೀವು ಕೇಳಬಹುದು. ಇರಬೇಕು. ಕದ ಹಾಕುವುದು ಮನೆಯವರ ಕೆಲಸವೇ. ಆದರೆ ಕದ ಮರೆತವಳನ್ನೂ ಕಳ್ಳನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ಊರ ನ್ಯಾಯ? ಅದೂ ನಾವು ಹೆಣ್ಣುಮಕ್ಕಳು, ‘ನೀನ್ಯಾಕ ನಕ್ಕಿ, ನೀನ್ಯಾಕ ಬಾಗಿಲಿಗೆ ಬಂದಿ’ ಎಂಬ ವಿಚಾರಣೆಯನ್ನು ಬಲ್ಲವರು, ಈ ಮಾತಿಗೆ ತಲೆಯಾಡಿಸಬಾರದು.

ಕೊಟ್ಟ ಸಮ್ಮತಿಯನ್ನು ಹಿಂದಕ್ಕೆ ಪಡೆಯುವುದು ಕೊಟ್ಟಷ್ಟೇ ಸುಲಭವಿರಬೇಕು ಎಂಬ ಮಾತು ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಆದ ಕಾಯಿದೆಯಲ್ಲಿದೆ. ಕೊಡಲು ಒಂದು ಒತ್ತು ಸಾಕಾಗಿತ್ತು. ತೆಗೆಯಲು ಕ್ರೋಮ್‌ನ ಮೇಲಿನ ಮೂರು ಚುಕ್ಕೆ, ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ಎಂದು ನಮ್ಮ ರಾಯಚೂರು ಕೋಟೆಯ ಬಾಗಿಲುಗಳನ್ನು ದಾಟಿದ ಹಾಗೆ ಹೋಗಬೇಕು. ಅಲ್ಲಿ ಗುರುತಿಲ್ಲದ ಹೆಸರುಗಳು ಕಂಡರೆ ಒಂದೊಂದನ್ನೇ ಬ್ಲಾಕ್ ಮಾಡಿದರಾಯಿತು. ಚಿಕ್ಕಮ್ಮನ ಫೋನಿನಲ್ಲಿ ಮೂರಿದ್ದವು. ಮೂರನ್ನೂ ಆಕೆಯ ಬೆರಳಿನಿಂದಲೇ ತೆಗೆಸಿದೆ.

ಮಗನದು ಕೆಟ್ಟ ಮನಸ್ಸಲ್ಲ. ಆದರೂ ಅವನಿಗೆ ಒಂದು ಮಾತು ಹೇಳಿ ಕಳಿಸಿದೆ. ನಾಳೆ ನಿನ್ನವ್ವ ಅಂಥದೊಂದನ್ನು ಮುಟ್ಟಿ ಖಾತೆಯ ಹಣ ಹೋದರೆ, ಆ ಕ್ಷಣವೇ 1930ಕ್ಕೆ ಫೋನು ಮಾಡಬೇಕು, ತಡವಾದಷ್ಟೂ ಹಣ ತಡೆಯುವುದು ಕಷ್ಟ. ನಿನ್ನ ಬೈಗುಳಕ್ಕೆ ಅಂಜಿ ಆಕೆ ಮತ್ತೆ ಎಂಟು ದಿನ ಜೋಳದ ಡಬ್ಬಿ ಮುಚ್ಚಿಟ್ಟರೆ ಯಾರಿಗೆ ಲಾಭ, ಲೆಕ್ಕ ಹಾಕು ಎಂದೆ.