ಆರೈಕೆಗೆ ಅರ್ಹರು ಯಾರು?

ಅಮೆರಿಕದ ಕಮ್ಯುನಿಟಿ ಕಾಲೇಜುಗಳು ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂಬ ತತ್ತ್ವದ ಮೇಲೆ ನಿಂತಿವೆ. ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲಿ ಒಪ್ಪಿಕೊಂಡ ಉನ್ನತ ಶಿಕ್ಷಣದ ಮಹಾಯೋಜನೆಯ ಪ್ರಕಾರ, ಓದಿನಿಂದ ಪ್ರಯೋಜನ ಪಡೆಯಬಲ್ಲ ಯಾರಿಗೂ ಈ ಕಾಲೇಜುಗಳಲ್ಲಿ ಜಾಗವಿರಬೇಕು. ಅದೇ ಕಾಲೇಜುಗಳ ನರ್ಸಿಂಗ್ ವಿಭಾಗದಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಕಲಿಸುವವರ ಕೊರತೆ, ವಿದ್ಯಾರ್ಥಿಗಳನ್ನು ಅಭ್ಯಾಸಕ್ಕೆ ಬಿಟ್ಟುಕೊಳ್ಳುವ ಆಸ್ಪತ್ರೆಗಳ ಕೊರತೆ, ಒಬ್ಬ ಶಿಕ್ಷಕಿ ವಾರ್ಡಿನಲ್ಲಿ ಕೆಲವರ ಮೇಲಷ್ಟೇ ಕಣ್ಣಿಡಬಹುದೆಂಬ ಮಿತಿ ಇವೆಲ್ಲ ಸೇರಿ ಸೀಟು ಕಡಿಮೆ, ಅರ್ಜಿ ಹೆಚ್ಚು. ಅಲ್ಲಿ ಆಯ್ಕೆ ತಪ್ಪಿದ್ದಲ್ಲ. ಆಯ್ಕೆಗೊಂದು ಅಳತೆಗೋಲು ಬೇಕೆಂದೊಡನೆ ಹಳೆಯ ಪ್ರಶ್ನೆಯೊಂದು ಎದುರಾಗುತ್ತದೆ: ರೋಗಿಯ ಆರೈಕೆಗೆ ಅರ್ಹರು ಯಾರು? ಹೆಚ್ಚು ಓದಿದವರೇ, ಹೆಚ್ಚು ಕರುಣೆಯುಳ್ಳವರೇ, ಬದುಕಿನಲ್ಲಿ ಕಷ್ಟ ಕಂಡವರೇ, ಅಥವಾ ಬೇಕಾದಷ್ಟು ಕಲಿತು ಸರದಿಯಲ್ಲಿ ನಿಂತ ಯಾರಾದರೂ ಆದೀತೇ?

ಈ ಕಾಲೇಜುಗಳಲ್ಲಿ ನರ್ಸಿಂಗ್‌ಗೆ ಹಲವು ದಾರಿಗಳಿವೆ. ಮೊದಲನೆಯದು ನರ್ಸಿಂಗ್ ಅಸಿಸ್ಟೆಂಟ್ ಪ್ರಮಾಣಪತ್ರ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ 60 ಗಂಟೆಗಳ ಪಾಠ, 100 ಗಂಟೆಗಳ ಪ್ರಾಯೋಗಿಕ ತರಬೇತಿ. ರೋಗಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು ಇವರ ಕೆಲಸ. ಎರಡನೆಯದು ಸುಮಾರು ಒಂದು ವರ್ಷದ ಲೈಸೆನ್ಸ್ಡ್ ವೊಕೇಶನಲ್ ನರ್ಸ್ ತರಬೇತಿ. ಮೂರನೆಯದು ಎರಡು ವರ್ಷದ ಅಸೋಸಿಯೇಟ್ ಪದವಿ. ಇದನ್ನು ಮುಗಿಸಿದವರು ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಪಾಸಾದರೆ ರಿಜಿಸ್ಟರ್ಡ್ ನರ್ಸ್ ಆಗುತ್ತಾರೆ. ವೊಕೇಶನಲ್ ನರ್ಸ್ ಆಗಿ ದುಡಿಯುತ್ತಿರುವವರು ಸೇತು ಕೋರ್ಸಿನ ಮೂಲಕ ಪದವಿಯ ನಡುವಿನ ಹಂತಕ್ಕೆ ಸೇರಿಕೊಳ್ಳಬಹುದು. ಅಸೋಸಿಯೇಟ್ ಪದವಿಯವರು ಮುಂದೆ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಪೂರೈಸಬಹುದು. ಎರಡು ವರ್ಷದ ಪದವಿಯವರಿಗೂ ನಾಲ್ಕು ವರ್ಷದ ಪದವಿಯವರಿಗೂ ಲೈಸೆನ್ಸ್ ಪರೀಕ್ಷೆ ಒಂದೇ.

ಎರಡು ವರ್ಷದ ಪದವಿಯ ಕಲ್ಪನೆ ಮಿಲ್ಡ್ರೆಡ್ ಮೊಂಟಾಗ್ ಅವರದು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಅವರು ಮಾಡಿದ ಅಧ್ಯಯನ 1951ರಲ್ಲಿ ಪ್ರಕಟವಾಯಿತು. ಮರುವರ್ಷವೇ ಕೆಲವು ಜೂನಿಯರ್ ಮತ್ತು ಕಮ್ಯುನಿಟಿ ಕಾಲೇಜುಗಳಲ್ಲಿ ಪ್ರಯೋಗ ಶುರುವಾಯಿತು. ಅಲ್ಲಿಯವರೆಗೆ ಹೆಚ್ಚಿನವರು ಕಲಿಯುತ್ತಿದ್ದುದು ಆಸ್ಪತ್ರೆಗಳೇ ನಡೆಸುತ್ತಿದ್ದ ಮೂರು ವರ್ಷದ ಡಿಪ್ಲೊಮಾ ಶಾಲೆಗಳಲ್ಲಿ. ಅಲ್ಲಿ ವಿದ್ಯಾರ್ಥಿನಿ ಕಲಿಯುವವಳೂ ಹೌದು, ವಾರ್ಡಿನ ಅಗ್ಗದ ಆಳೂ ಹೌದು. ಕಲಿಕೆಯನ್ನು ಆಸ್ಪತ್ರೆಯ ದುಡಿಮೆಯಿಂದ ಬಿಡಿಸಿ ಕಾಲೇಜಿಗೆ ತಂದದ್ದರಿಂದ ಮದುವೆಯಾದವರು, ವಯಸ್ಸು ದಾಟಿದವರು, ಗಂಡಸರು, ಬೇರೆ ಕೆಲಸದಲ್ಲಿದ್ದವರು ಈ ವೃತ್ತಿಯ ಕಡೆ ಮುಖ ಮಾಡಿದರು. ಯಾರು ನರ್ಸ್ ಆಗಬಹುದೆಂಬ ಸಮಾಜದ ಎಣಿಕೆಯೇ ಇದರಿಂದ ಹಿಗ್ಗಿತು.

ಪ್ರವೇಶದ ಷರತ್ತುಗಳು ಕಾಲೇಜಿನಿಂದ ಕಾಲೇಜಿಗೆ ಸ್ವಲ್ಪ ಬದಲಾದರೂ ಚೌಕಟ್ಟು ಒಂದೇ. ಅರ್ಜಿ ಹಾಕುವ ಮೊದಲೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳನ್ನು ಪ್ರಯೋಗಾಲಯ ಸಮೇತ ಮುಗಿಸಿರಬೇಕು. ಇಂಗ್ಲಿಷ್ ಬರವಣಿಗೆ, ಗಣಿತ ಅಥವಾ ಸಂಖ್ಯಾಶಾಸ್ತ್ರ, ಹಲವು ಕಡೆ ಮನಶ್ಶಾಸ್ತ್ರ ಕೂಡ ಬೇಕು. ಇವಕ್ಕೇ ಒಂದು ವರ್ಷ ಮೀರಿ ಹಿಡಿಯುತ್ತದೆ. ಎರಡು ವರ್ಷದ ಪದವಿ ಎಂಬ ಹೆಸರಿನಲ್ಲಿ ಈ ಅವಧಿ ಸೇರಿಲ್ಲ. ಗ್ರೇಡುಗಳ ಸರಾಸರಿ ಸಾಮಾನ್ಯವಾಗಿ 2.5ಕ್ಕಿಂತ ಕೆಳಗಿರಬಾರದು. ಓದು, ಗಣಿತ, ವಿಜ್ಞಾನ, ಇಂಗ್ಲಿಷ್ ಈ ನಾಲ್ಕು ಭಾಗಗಳ ಟೀಸ್ ಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜುಗಳು ಸಾಮಾನ್ಯವಾಗಿ ಕೇಳುವುದು ಶೇ. 62. ಆಯ್ಕೆಯಾದವರು ಲಸಿಕೆಗಳ ದಾಖಲೆ, ಕ್ಷಯ ತಪಾಸಣೆಯ ವರದಿ, ವೈದ್ಯಕೀಯ ಪ್ರಮಾಣಪತ್ರ, ಸಿಪಿಆರ್ ಕಾರ್ಡು ಒಪ್ಪಿಸಬೇಕು; ಅಪರಾಧ ಹಿನ್ನೆಲೆಯ ಪರಿಶೀಲನೆಗೂ ಮಾದಕ ವಸ್ತುವಿನ ಪರೀಕ್ಷೆಗೂ ಒಳಗಾಗಬೇಕು.

ಇಷ್ಟೆಲ್ಲ ಪೂರೈಸಿದವರೇ ಸೀಟುಗಳಿಗಿಂತ ಹೆಚ್ಚಿದ್ದರೆ? ಕ್ಯಾಲಿಫೋರ್ನಿಯಾದ ಹಳೆಯ ನಿಯಮ ಸರಳವಾಗಿತ್ತು. ಅರ್ಹತೆ ಪಡೆದವರ ನಡುವೆ ಹೆಚ್ಚು ಕಡಿಮೆ ತೂಗುವಂತಿಲ್ಲ; ಮೊದಲು ಬಂದವರಿಗೆ ಮೊದಲು ಕೊಡಬೇಕು, ಇಲ್ಲವೇ ಚೀಟಿ ಎತ್ತಬೇಕು. 2007ರಲ್ಲಿ ಅಂಗೀಕಾರವಾದ ಕಾನೂನು ಮತ್ತೊಂದು ದಾರಿ ತೆರೆಯಿತು. ಕಾಲೇಜು ಬಯಸಿದರೆ ಹಲವು ಅಂಶಗಳಿಗೆ ಅಂಕ ಕೊಟ್ಟು ಆರಿಸಬಹುದು, ಲಾಟರಿಯಲ್ಲೇ ಮುಂದುವರಿಯಬಹುದು, ಅಥವಾ ಎರಡನ್ನೂ ಬೆರೆಸಬಹುದು. ಅಂಕ ಕೊಡುವ ಅಂಶಗಳ ಪಟ್ಟಿಯಲ್ಲಿ ಹಿಂದಿನ ಪದವಿ, ವಿಜ್ಞಾನದ ಗ್ರೇಡು, ಆರೋಗ್ಯ ಕ್ಷೇತ್ರದ ಕೆಲಸ ಅಥವಾ ಸ್ವಯಂಸೇವೆ ಇವೆ. ಬಡ ಕುಟುಂಬ, ಅಂಗವೈಕಲ್ಯ, ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರೆಂಬ ಸ್ಥಿತಿ, ನಿರಾಶ್ರಿತ ಅಥವಾ ಮಾಜಿ ಸೈನಿಕ ಎಂಬ ಹಿನ್ನೆಲೆಗೂ ಅಂಕವಿದೆ. ಇಂಗ್ಲಿಷ್ ಅಲ್ಲದ ಭಾಷೆ ಬಲ್ಲವರಿಗೂ ಅಂಕ ಸಲ್ಲುತ್ತದೆ. ಸ್ಪ್ಯಾನಿಷ್, ಚೀನೀ, ಟಗಾಲೋಗ್, ಅಮೆರಿಕನ್ ಸಂಜ್ಞಾಭಾಷೆಗಳ ಜೊತೆಗೆ ಭಾರತ ಉಪಖಂಡದ ಭಾಷೆಗಳನ್ನೂ ಕಾನೂನು ಹೆಸರಿಸಿದೆ. ಅಲ್ಲಿ ನೆಲೆಸಿದ ಕನ್ನಡಿಗ ಅಭ್ಯರ್ಥಿಯ ಕನ್ನಡವೂ ಈ ಲೆಕ್ಕಕ್ಕೆ ಬರುತ್ತದೆ. ನೋವು ಎಲ್ಲಿ, ಹೇಗೆ ಎಂದು ರೋಗಿ ತನ್ನ ನುಡಿಯಲ್ಲೇ ಹೇಳಿಕೊಳ್ಳುವಂತಾಗುವುದು ಆರೈಕೆಯ ಭಾಗವೆಂಬ ತಿಳಿವಳಿಕೆ ಇದರ ಹಿಂದಿದೆ.

ಈ ಪಟ್ಟಿಯಲ್ಲಿ ತಿಳಿವಿದೆ, ಅನುಭವವಿದೆ, ಸಾಮಾಜಿಕ ನ್ಯಾಯವಿದೆ. ರೋಗಿಯ ಮೇಲಿನ ಪ್ರೀತಿ ಎಂಬ ಸಾಲು ಮಾತ್ರ ಇಲ್ಲ. ಹಳೆಯ ಧರ್ಮ ಮತ್ತು ವೈದ್ಯ ಪರಂಪರೆಗಳು ಅದನ್ನು ಬಿಟ್ಟಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಅದು ವಿಧಿಸುವ ಗುಣಗಳೂ ನಾಲ್ಕು: ಉಪಚಾರದ ತಿಳಿವು, ದಕ್ಷತೆ, ರೋಗಿಯ ಮೇಲೆ ಅನುರಾಗ, ಶೌಚ. ಮೊದಲೆರಡು ವಿದ್ಯೆಗೆ ಸೇರಿದವು, ಮೂರನೆಯದು ಮನಸ್ಸಿಗೆ, ನಾಲ್ಕನೆಯದು ನಡತೆಗೆ.

ಈ ನಾಲ್ಕೂ ಬಿಡಿಬಿಡಿಯಾಗಿ ಇರುವಂಥವಲ್ಲ. ಎದ್ದು ಕೂರಲಾಗದ ರೋಗಿಯನ್ನು ಮಗ್ಗುಲು ತಿರುಗಿಸುವ ಕೆಲಸ ನೋಡಬಹುದು. ನರ್ಸ್ ಕೈ ತೊಳೆದು ಬಂದು, ಏನು ಮಾಡಲಿದ್ದೇನೆಂದು ರೋಗಿಗೆ ಮೊದಲು ಹೇಳಿ, ಇನ್ನೊಬ್ಬರ ನೆರವಿನಿಂದ ಮೈಕೆಳಗಿನ ಹಾಸು ಹಿಡಿದು ಎತ್ತಿ ತಿರುಗಿಸುತ್ತಾರೆ. ಎಳೆದರೆ ಚರ್ಮ ತರಚುತ್ತದೆ. ಬೆನ್ನ ಬುಡದಲ್ಲೋ ಹಿಮ್ಮಡಿಯಲ್ಲೋ ಕೆಂಪಗಿದ್ದರೆ ಬೆರಳಿನಿಂದ ಒತ್ತಿ ನೋಡುತ್ತಾರೆ. ಬೆರಳು ತೆಗೆದಾಗ ಆ ಜಾಗ ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬಿಳಿಚದೆ ಕೆಂಪು ಹಾಗೆಯೇ ನಿಂತಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಈ ಗುರುತು ಸುಲಭವಾಗಿ ಕಾಣದು, ಆ ಜಾಗದ ಬಿಸಿಯನ್ನೂ ಗಡಸನ್ನೂ ಮುಟ್ಟಿ ತಿಳಿಯಬೇಕು. ಇಷ್ಟರೊಳಗೆ ತಿಳಿವು, ಕೈಚಳಕ, ಶುಚಿ ಮೂರೂ ಇವೆ. ಯಾರೂ ನೋಡದ ರಾತ್ರಿ ಪಾಳಿಯಲ್ಲಿ, ಮಾತಾಡದ ರೋಗಿಯ ಬಳಿಯೂ ಇದು ಹೊತ್ತಿಗೆ ಸರಿಯಾಗಿ ನಡೆಯಬೇಕಾದರೆ ಅನುರಾಗವೂ ಬೇಕು.

ಬೌದ್ಧ ಪರಂಪರೆ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಎತ್ತಿಕೊಳ್ಳುತ್ತದೆ. ವಿನಯಪಿಟಕದ ಮಹಾವಗ್ಗದಲ್ಲಿ ಅತಿಸಾರದಿಂದ ನರಳುತ್ತ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವಿನ ಪ್ರಸಂಗವಿದೆ. ಅವನು ಯಾರಿಗೂ ಉಪಕಾರ ಮಾಡಿದವನಲ್ಲವೆಂದು ಉಳಿದವರು ಅವನತ್ತ ಸುಳಿದಿರಲಿಲ್ಲ. ಬುದ್ಧ ನೀರು ಹೊಯ್ದ, ಆನಂದ ಮೈ ತೊಳೆದ, ಇಬ್ಬರೂ ಸೇರಿ ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ಮನೆ ಬಿಟ್ಟು ಬಂದ ಭಿಕ್ಷುಗಳಿಗೆ ತಂದೆತಾಯಿಯ ಆಸರೆಯಿಲ್ಲ, ಆದ್ದರಿಂದ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಸಂಘದ ಎಲ್ಲರ ಹೊಣೆ ಎಂಬ ನಿಯಮ ಅಲ್ಲಿ ಹುಟ್ಟಿತು. ಒಳ್ಳೆಯ ಉಪಚಾರಕನ ಐದು ಲಕ್ಷಣಗಳನ್ನೂ ಅಲ್ಲೇ ಎಣಿಸಲಾಗಿದೆ: ಔಷಧ ಸಿದ್ಧಪಡಿಸಬಲ್ಲವನು, ಪಥ್ಯ ಅಪಥ್ಯ ಬಲ್ಲವನು, ಲಾಭಕ್ಕಲ್ಲದೆ ಮೈತ್ರಿಯಿಂದ ಉಪಚರಿಸುವವನು, ಮಲ ವಾಂತಿಗಳಿಗೆ ಹೇಸದವನು, ಧರ್ಮದ ಮಾತಿನಿಂದ ಧೈರ್ಯ ತುಂಬುವವನು. ಇಲ್ಲಿ ಲಕ್ಷಣಗಳಿವೆ, ಆಯ್ಕೆಯಿಲ್ಲ. ಆರೈಕೆ ಎಲ್ಲರ ಕರ್ತವ್ಯವಾದ ಕಡೆ ಅರ್ಹತೆಯೆಂದರೆ ಒಳಗೆ ಬಿಡಲು ಕೇಳುವ ಷರತ್ತಲ್ಲ, ಪ್ರತಿಯೊಬ್ಬರೂ ಬೆಳೆಸಿಕೊಳ್ಳಬೇಕಾದ ಗುಣ.

ಎಲ್ಲರ ಕರ್ತವ್ಯ ಕೆಲವರ ವೃತ್ತಿಯಾದಾಗ ತೊಡಕು ಶುರುವಾಗುತ್ತದೆ. ಯುರೋಪಿನಲ್ಲಿ ಈ ತೊಡಕು ಸ್ಪಷ್ಟವಾಗಿ ಕಾಣುವುದು ಫ್ಲಾರೆನ್ಸ್ ನೈಟಿಂಗೇಲ್ ಅವರಲ್ಲಿ. 1837ರಲ್ಲಿ ದೇವರು ತನ್ನನ್ನು ಸೇವೆಗೆ ಕರೆದನೆಂದು ಬರೆದಿಟ್ಟುಕೊಂಡ ಅವರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದರು. ಅಲ್ಲಿ ಪ್ರತಿ ವಿದ್ಯಾರ್ಥಿನಿಯ ಹೆಸರಿನಲ್ಲಿ ಎರಡು ದಾಖಲೆ. ಒಂದು ಕೆಲಸದ ಕೌಶಲಕ್ಕೆ. ಇನ್ನೊಂದು ಸಮಯಪಾಲನೆ, ಸದ್ದಿಲ್ಲದ ನಡೆ, ನಂಬಿಕಸ್ತಿಕೆ, ಅಚ್ಚುಕಟ್ಟು ಮುಂತಾದ ಗುಣಗಳಿಗೆ. ಮುಂದೆ ಎಥೆಲ್ ಬೆಡ್‌ಫೋರ್ಡ್ ಫೆನ್‌ವಿಕ್ ಮೊದಲಾದವರು ಪರೀಕ್ಷೆ ನಡೆಸಿ ನರ್ಸ್‌ಗಳ ಅಧಿಕೃತ ನೋಂದಣಿ ಮಾಡಬೇಕೆಂದು ಹೋರಾಡಿದಾಗ ನೈಟಿಂಗೇಲ್ ವಿರೋಧಿಸಿದರು. ಪರೀಕ್ಷೆ ತಿಳಿವನ್ನು ಅಳೆದೀತು, ಗುಣವನ್ನು ಅಳೆಯಲಾರದು ಎಂಬುದು ಅವರ ಆಕ್ಷೇಪದ ತಿರುಳು. ಫೆನ್‌ವಿಕ್ ಪಕ್ಷದ ಉತ್ತರವೂ ಗಟ್ಟಿಯಾಗಿತ್ತು: ನೋಂದಣಿಯಿಲ್ಲದಿದ್ದರೆ ತರಬೇತಾದವರನ್ನು ಆಗದವರಿಂದ ಬೇರ್ಪಡಿಸಲು ರೋಗಿಗೆ ಯಾವ ದಾರಿಯೂ ಇಲ್ಲ. ನ್ಯೂಜಿಲೆಂಡ್ 1901ರಲ್ಲಿ, ಬ್ರಿಟನ್ 1919ರಲ್ಲಿ ನೋಂದಣಿ ಕಾಯಿದೆ ತಂದವು. ಸೇವಾಭಾವದ ಹೊಗಳಿಕೆಗೆ ಇನ್ನೊಂದು ಮುಖವೂ ಇದೆ. ದೈವದ ಕರೆಗೆ ಓಗೊಟ್ಟು ಬಂದವಳಿಗೆ ಸಂಬಳವೇಕೆ, ವಿಶ್ರಾಂತಿಯೇಕೆ ಎಂಬ ವಾದಕ್ಕೆ ಅದು ಬಹುಕಾಲ ಆಸರೆಯಾಯಿತು.

ಗುಣವನ್ನು ಬಾಗಿಲಲ್ಲೇ ಅಳೆಯುವ ಆಸೆ ಅಲ್ಲಿಗೆ ನಿಲ್ಲಲಿಲ್ಲ. ಇಂಗ್ಲೆಂಡಿನ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಗಳಲ್ಲಿ ರೋಗಿಗಳ ಕಡೆಗಣನೆಯನ್ನು ವಿಚಾರಿಸಿದ ಫ್ರಾನ್ಸಿಸ್ ವರದಿ 2013ರಲ್ಲಿ ಎರಡು ಸಲಹೆ ಕೊಟ್ಟಿತು. ನರ್ಸ್ ಆಗಬಯಸುವವರ ಕರುಣೆ, ಕಾಳಜಿಗಳನ್ನು ಅರಿಯುವ ಮನೋಭಾವದ ಪರೀಕ್ಷೆ ಇರಲಿ. ಪದವಿಗೆ ಸೇರುವ ಮುನ್ನ ಕನಿಷ್ಠ ಮೂರು ತಿಂಗಳು ರೋಗಿಗಳ ನೇರ ಆರೈಕೆ ಮಾಡಿರಲಿ. ಇವೆರಡರ ಹಿಂದಿನ ತತ್ತ್ವ ಬೇರೆ ಬೇರೆ. ಮೊದಲನೆಯದು ಕರುಣೆ ಮನುಷ್ಯನೊಳಗೆ ಆಗಲೇ ಇರುವ ವಸ್ತುವೆಂದು ಭಾವಿಸುತ್ತದೆ. ಆದರೆ ಕರುಣೆಯ ಪ್ರಶ್ನೆಗೆ ತಕ್ಕ ಉತ್ತರ ಯಾವುದೆಂದು ಯಾರೂ ಊಹಿಸಬಲ್ಲರು. ಸೀಟಿನ ಆಸೆಯಿದ್ದರೆ ಬಾಯಿಪಾಠವನ್ನೂ ಮಾಡಬಲ್ಲರು. ಎರಡನೆಯದು ಕೆಲಸಕ್ಕೆ ಇಳಿದ ಮೇಲಷ್ಟೇ ಮನಸ್ಸು ತಿಳಿಯುತ್ತದೆ, ಅಭ್ಯರ್ಥಿಗೂ ತನ್ನ ಮನಸ್ಸು ಆಗಲೇ ತಿಳಿಯುತ್ತದೆ ಎನ್ನುತ್ತದೆ. ಕಮ್ಯುನಿಟಿ ಕಾಲೇಜಿನ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಈ ಎರಡನೆಯ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ.

ತತ್ತ್ವಶಾಸ್ತ್ರದ ಬೆಂಬಲವೂ ಎರಡನೆಯದಕ್ಕೇ ಹೆಚ್ಚು. ಧೈರ್ಯದ ಕೆಲಸ ಮಾಡುತ್ತ ಧೀರರಾಗುತ್ತೇವೆ, ನ್ಯಾಯದ ಕೆಲಸ ಮಾಡುತ್ತ ನ್ಯಾಯವಂತರಾಗುತ್ತೇವೆ ಎಂಬುದು ಅರಿಸ್ಟಾಟಲನ ನಿಲುವು. ಸದ್ಗುಣ ರೂಢಿಯಿಂದ ಮೂಡುತ್ತದೆ. ಕ್ಯಾಲಿಫೋರ್ನಿಯಾದ ನರ್ಸಿಂಗ್ ಚಿಂತಕಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಹೊಸಬರಿಂದ ನಿಷ್ಣಾತರವರೆಗೆ ಐದು ಹಂತಗಳನ್ನು ಗುರುತಿಸಿದರು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ. ವರ್ಷಗಳ ಅನುಭವವುಳ್ಳವರು ರೋಗಿಯ ಇಡೀ ಸ್ಥಿತಿಯನ್ನು ಒಮ್ಮೆಗೇ ಗ್ರಹಿಸುತ್ತಾರೆ. ಕಾಂಟ್ ಇನ್ನೊಂದು ಎಚ್ಚರ ಕೊಡುತ್ತಾನೆ. ಅನುಕಂಪ ಬತ್ತಿದ ಹೊತ್ತಿನಲ್ಲೂ ಕರ್ತವ್ಯವೆಂದು ನೆರವಾಗುವವನ ಕೃತ್ಯಕ್ಕೇ ನಿಜವಾದ ನೈತಿಕ ಬೆಲೆಯೆಂದು 1785ರಲ್ಲಿ ಅವನು ವಾದಿಸಿದ. ಹನ್ನೆರಡು ಗಂಟೆಗಳ ಪಾಳಿಯ ಕೊನೆಗೆ ಪ್ರೀತಿ ಉಕ್ಕದಿರಬಹುದು, ಆಗಲೂ ಮಗ್ಗುಲು ಬದಲಿಸುವುದು ತಪ್ಪಬಾರದು. ಚರಕನ ಅನುರಾಗವನ್ನು ಕ್ಷಣದ ಭಾವವಾಗಿ ತೆಗೆದುಕೊಂಡರೆ ಅದು ಕಾಂಟನ ಮಾತಿಗೆ ಎದುರಾಗುತ್ತದೆ. ನೆಲೆನಿಂತ ನಿಷ್ಠೆಯಾಗಿ ತೆಗೆದುಕೊಂಡರೆ ಎರಡಕ್ಕೂ ಹೊಂದಿಕೆಯಿದೆ.

ಹೀಗಿರುವಾಗ ಅರ್ಹರ ನಡುವೆ ಲಾಟರಿ ನ್ಯಾಯವೇ? ಪರೀಕ್ಷೆಯಲ್ಲಿ ಮುಂದಿದ್ದವರನ್ನು ಅದೃಷ್ಟದ ಕೈಗೆ ಬಿಡುವುದು ಅವರ ಶ್ರಮಕ್ಕೆ ಮಾಡುವ ಅವಮಾನ ಎಂಬ ವಾದವಿದೆ. ಒಳ್ಳೆಯ ಗ್ರೇಡಿನವರು ಕೋರ್ಸು ಪೂರೈಸುವ ಸಂಭವ ಹೆಚ್ಚು, ನಡುವೆ ಬಿಟ್ಟವರ ಸೀಟು ವ್ಯರ್ಥ ಎಂಬ ವಾದವೂ ಇದೆ. ಎರಡನೆಯದು ತೂಕದ್ದು. ಆದರೆ ಅದು ಕೇಳುವುದು ಸರಿಯಾದ ಕನಿಷ್ಠ ಮಟ್ಟವನ್ನು. ಆ ಮಟ್ಟ ದಾಟಿದ ಮೇಲೆ 3.6 ಸರಾಸರಿಯವರು 3.5ರವರಿಗಿಂತ ಒಳ್ಳೆಯ ನರ್ಸ್ ಆಗುತ್ತಾರೆಂದು ಅದರಿಂದ ಸಿದ್ಧವಾಗದು. ಪ್ರಾಚೀನ ಅಥೆನ್ಸ್ ಬಹುಪಾಲು ಹುದ್ದೆಗಳಿಗೆ ಚೀಟಿ ಎತ್ತುತ್ತಿತ್ತು, ಚೀಟಿ ಬಂದವರ ಯೋಗ್ಯತೆಯನ್ನು ಅಧಿಕಾರಕ್ಕೆ ಮುನ್ನ ವಿಚಾರಿಸುತ್ತಿತ್ತು. ಸೇನಾಪತಿಗಳಂಥ ವಿಶೇಷ ಪರಿಣತಿ ಬೇಕಾದವರನ್ನು ಮಾತ್ರ ಮತ ಹಾಕಿ ಆರಿಸುತ್ತಿತ್ತು. ನರ್ಸ್‌ಗೂ ಪರಿಣತಿ ಬೇಕು, ನಿಜ. ಆದರೆ ಕಾಲೇಜಿಗೆ ಬರುವವರು ಪರಿಣತರಾಗಿ ಬರುವುದಿಲ್ಲ, ಪರಿಣತರಾಗಲೆಂದು ಬರುತ್ತಾರೆ. ಅಲ್ಲದೆ ಗ್ರೇಡಿನಲ್ಲಿ ಶ್ರಮದ ಜೊತೆ ಅನುಕೂಲವೂ ಬೆರೆತಿರುತ್ತದೆ. ರಾತ್ರಿ ಕೆಲಸ ಮಾಡಿ ಹಗಲು ಸೂಕ್ಷ್ಮಜೀವಿಶಾಸ್ತ್ರ ಓದಿದವರ ಬಿ ಗ್ರೇಡು, ಓದೊಂದೇ ಕೆಲಸವಾಗಿದ್ದವರ ಎ ಗ್ರೇಡಿಗಿಂತ ಕಡಿಮೆಯೆಂದು ತೀರ್ಮಾನಿಸುವುದು ಸುಲಭವಲ್ಲ. ಬಹುಅಂಶದ ಅಂಕಪದ್ಧತಿ ಈ ಏರುಪೇರನ್ನು ಲೆಕ್ಕಕ್ಕೆ ತರಲು ಯತ್ನಿಸುತ್ತದೆ. ಲಾಟರಿ ತನಗೆ ಅದು ತಿಳಿಯದೆಂದು ಒಪ್ಪಿಕೊಳ್ಳುತ್ತದೆ.

ಇಷ್ಟರಿಂದ ಹೊರಡುವ ನಿಲುವು ಇದು: ಬಾಗಿಲು ತಾನು ಅರಿಯಬಲ್ಲದ್ದನ್ನಷ್ಟೇ ಕೇಳಬೇಕು. ಶರೀರಶಾಸ್ತ್ರದ ತಿಳಿವು, ಲೆಕ್ಕದ ಕೌಶಲ, ಸೋಂಕು ಹರಡದ ಆರೋಗ್ಯ ಇವನ್ನು ಪ್ರವೇಶಕ್ಕೆ ಮುನ್ನ ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಔಷಧದ ಪ್ರಮಾಣದಲ್ಲಿ ದಶಮಾಂಶ ಬಿಂದು ತಪ್ಪಿದರೆ ಕರುಣೆ ಕಾಪಾಡದು. ಅದರಾಚೆಗಿನ ಯೋಗ್ಯತೆಯ ತಾರತಮ್ಯ ಊಹೆಗೆ ಸೇರಿದ್ದು, ಅಲ್ಲಿ ಹಿನ್ನೆಲೆಗೆ ತೂಕ ಕೊಡುವುದೋ ಚೀಟಿ ಎತ್ತುವುದೋ ಅಹಂಕಾರವಿಲ್ಲದ ದಾರಿ. ಅನುರಾಗವನ್ನೂ ಶೌಚವನ್ನೂ ಕಲಿಸುವ, ನೋಡುವ, ಇಲ್ಲದಿದ್ದರೆ ತಡೆಯುವ ಹೊಣೆ ವಾರ್ಡಿನಲ್ಲಿ ಜೊತೆಗಿರುವ ಶಿಕ್ಷಕರದು. ಕಾಲೇಜುಗಳ ವ್ಯವಸ್ಥೆಯೂ ಇದಕ್ಕೆ ಒಪ್ಪುವಂತಿದೆ: ಬರಹದ ಪರೀಕ್ಷೆಯಲ್ಲಿ ಗೆದ್ದರೂ ರೋಗಿಯ ಬಳಿಯ ಅಭ್ಯಾಸದಲ್ಲಿ ಅನುತ್ತೀರ್ಣರಾದವರು ಮುಂದಿನ ಹಂತಕ್ಕೆ ಹೋಗುವಂತಿಲ್ಲ. ಲೈಸೆನ್ಸ್ ಸಿಕ್ಕ ಮೇಲೂ ಕ್ಯಾಲಿಫೋರ್ನಿಯಾದ ನರ್ಸ್ ಅದನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಮೊದಲ ನವೀಕರಣ ಬಿಟ್ಟು ಪ್ರತಿ ಸಲವೂ 30 ಗಂಟೆಗಳ ಮುಂದುವರಿದ ಕಲಿಕೆ ತೋರಿಸಬೇಕು. ಆರೈಕೆಯ ಅರ್ಹತೆ ಪ್ರವೇಶಪತ್ರದೊಂದಿಗೆ ಮುಗಿಯುವಂಥದ್ದಲ್ಲವೆಂದು ಕಾನೂನೂ ಹೀಗೆ ಒಪ್ಪಿಕೊಂಡಿದೆ.