ಶಿಕ್ಷೆ ಮುಗಿಯುವುದು ಯಾವಾಗ?

ಜೈಲಿನಿಂದ ಹೊರಬಂದವನಿಗೆ ಸಮಾಜ ಏನು ಕೊಡಬೇಕು? ಏನನ್ನು ಕೊಡಬಾರದು? ಈ ಪ್ರಶ್ನೆಯನ್ನು ನಾವು ಪುಸ್ತಕದಲ್ಲಿ ಓದಿ ಎತ್ತಿಕೊಂಡವರಲ್ಲ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ವಿಜಯನಗರದ ಒಂದು ಬಯಲಿನಲ್ಲಿ ಅದು ತಾನಾಗಿ ನಮ್ಮೆದುರು ಬಂದು ನಿಂತಿತು.

ಆ ಬಯಲಿನಲ್ಲಿ ಪಾದರಾಯನಪುರ, ಗೋರಿಪಾಳ್ಯದ ಹುಡುಗರೂ ಹೊಸಹಳ್ಳಿ, ಗೋವಿಂದರಾಜನಗರದ ಹುಡುಗರೂ ಕೂಡಿ ಫುಟ್‌ಬಾಲ್ ಆಡುತ್ತಿದ್ದರು. ದೊಡ್ಡ ಜಾಗವೆಲ್ಲ ಕ್ರಿಕೆಟಿನವರದು, ಇವರಿಗೆ ಸಿಗುವುದು ಒಂದು ಮೂಲೆ. ಆದರೂ ಬಿಡುತ್ತಿರಲಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಫುಟ್‌ಬಾಲಿನ ಹುಚ್ಚು ಹಳೆಯದು. 1937 ಮತ್ತು 1938ರಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿಯವರೆಗೆ ಬ್ರಿಟಿಷ್ ಪಡೆಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು ಗೆದ್ದು ತಂದ ಬೆಂಗಳೂರು ಮುಸ್ಲಿಮ್ಸ್ ತಂಡದ ಕತೆಯನ್ನು ನಮ್ಮ ಅಬ್ಬಾ ತಾವೇ ಗೋಲು ಹೊಡೆದವರಂತೆ ಹೇಳುತ್ತಿದ್ದರು. ಆ ಕತೆ ಕೇಳಿ ಬೆಳೆದ ನಾವು, ಚೆಂಡು ಒದೆಯಲು ಬಾರದಿದ್ದರೂ, ಭಾನುವಾರ ಅಲ್ಲಿ ಹೋಗಿ ಕಲ್ಲಿನ ಮೇಲೆ ಕೂರುತ್ತಿದ್ದೆವು. ಹುಡುಗರು ನಮ್ಮನ್ನು ಹಿರಿಯರೆಂದು ತಿಳಿದುಕೊಂಡಿದ್ದರು.

ಅವರಲ್ಲಿ ಒಬ್ಬ ಗೋಲ್‌ಕೀಪರ್. ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಯಲ್ಲಿ ಕೆಲಸ. ವಯಸ್ಸು ಇಪ್ಪತ್ತೆರಡು. ಒಂದು ಕ್ಲಬ್ಬಿನವರು ಬಂದು ಅವನ ಆಟ ನೋಡಿಕೊಂಡು ಹೋಗಿದ್ದರು. ಮುಂದಿನ ಸಲ ಲೀಗಿನಲ್ಲಿ ಆಡುತ್ತಾನೆ ಎಂಬ ಮಾತಿತ್ತು. ಅಷ್ಟರಲ್ಲಿ ಒಂದು ಪೆನಾಲ್ಟಿಯ ವಿಷಯಕ್ಕೆ ಜಗಳವಾಯಿತು. ಇವನು ಕಲ್ಲೆತ್ತಿ ಹೊಡೆದ. ಎದುರು ತಂಡದ ಹುಡುಗನ ಒಂದು ಕಣ್ಣಿನ ದೃಷ್ಟಿ ಹೋಯಿತು. ಕೇಸು ನಡೆಯಿತು, ಶಿಕ್ಷೆಯಾಯಿತು, ಪರಪ್ಪನ ಅಗ್ರಹಾರದಲ್ಲಿ ಅದನ್ನು ಮುಗಿಸಿ ಹೊರಬಂದ. ಬಂದ ಮೊದಲ ಭಾನುವಾರವೇ ಬಯಲಿಗೆ ಬಂದು ಗೋಲು ಕಂಬದ ಪಕ್ಕ ನಿಂತುಕೊಂಡ. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ. ಹುಡುಗರು ಅವನನ್ನು ನೋಡಿದರು, ಆಮೇಲೆ ನಮ್ಮತ್ತ ನೋಡಿದರು. ಒಬ್ಬ ಬಂದು, "ಚಾಚಾ, ನೀವೇ ಹೇಳಿ. ಸೇರಿಸಿಕೊಳ್ಳೋದಾ?" ಎಂದ.

ನಾವು "ನೋಡೋಣ" ಎಂದೆವು.

ಆ "ನೋಡೋಣ" ಎಂಬ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ನ್ಯಾಯಾಧೀಶರು ಕೊಡುವ ಶಿಕ್ಷೆಗೆ ಒಂದು ತಾರೀಖು ಇರುತ್ತದೆ. ನಮ್ಮಂಥವರು ಕೊಡುವ "ನೋಡೋಣ"ಕ್ಕೆ ತಾರೀಖು ಇರುವುದಿಲ್ಲ. ಅವನು ಇನ್ನೂ ಎರಡು ಭಾನುವಾರ ಬಂದ. ಆಮೇಲೆ ಬರಲಿಲ್ಲ.

ಹೆಸರಿಲ್ಲದ ಒಬ್ಬ ಹುಡುಗನ ಕತೆ ಇದು. ಹೆಸರುಳ್ಳವರ ಕತೆಯೂ ನಮ್ಮ ಊರಿನಲ್ಲೇ ಇದೆ. 2019ರ ನವೆಂಬರ್ 7ರಂದು ಬೆಂಗಳೂರಿನ ಸಿಸಿಬಿ ಪೊಲೀಸರು ಸಿ.ಎಂ. ಗೌತಮ್ ಮತ್ತು ಅಬ್ರಾರ್ ಖಾಜಿ ಎಂಬ ಇಬ್ಬರು ಕ್ರಿಕೆಟಿಗರನ್ನು ಬಂಧಿಸಿದರು. ಗೌತಮ್ ವರ್ಷಗಟ್ಟಲೆ ರಣಜಿಯಲ್ಲಿ ಕರ್ನಾಟಕದ ವಿಕೆಟ್ ಕಾದವರು. ಖಾಜಿ ಎಡಗೈ ಸ್ಪಿನ್ನರ್. ಕರ್ನಾಟಕ ಪ್ರೀಮಿಯರ್ ಲೀಗಿನ ಆ ವರ್ಷದ ಫೈನಲಿನಲ್ಲಿ, ಬಳ್ಳಾರಿ ಟಸ್ಕರ್ಸ್ ಪರವಾಗಿ ಬೇಕೆಂದೇ ನಿಧಾನವಾಗಿ ಬ್ಯಾಟ್ ಮಾಡಲು ಹಣ ಪಡೆದರು ಎಂಬುದು ಆರೋಪ. ಗೆದ್ದದ್ದು ಹುಬ್ಬಳ್ಳಿ ಟೈಗರ್ಸ್. ಮರುದಿನ ಪತ್ರಿಕೆಗಳಲ್ಲಿ ಫೋಟೋ ಬಂತು. ಆರೋಪಿ ಎಂಬ ಪದ ಸಣ್ಣಕ್ಷರದಲ್ಲಿತ್ತೋ ಇಲ್ಲವೋ, ಓದಿದವರಾರೂ ಅದನ್ನು ಗಮನಿಸಲಿಲ್ಲ. ನಾವೂ ಗಮನಿಸಲಿಲ್ಲ. ಚಹಾದ ಅಂಗಡಿಯಲ್ಲಿ ಕುಳಿತು ತೀರ್ಪು ಕೊಟ್ಟೆವು.

2022ರ ಜನವರಿ 10ರಂದು ಕರ್ನಾಟಕ ಹೈಕೋರ್ಟ್ ಈ ಪ್ರಕರಣವನ್ನು ರದ್ದುಗೊಳಿಸಿತು. ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು, ಅದಕ್ಕೆ ಶಿಸ್ತಿನ ಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಗಿದೆ, ಆದರೆ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ವಂಚನೆ ಇದಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಪ್ರೇಕ್ಷಕ ತಾನಾಗಿಯೇ ಟಿಕೆಟು ಕೊಂಡು ಬರುತ್ತಾನೆ, ಅವನನ್ನು ಯಾರೂ ಪುಸಲಾಯಿಸಿ ಹಣ ಕಿತ್ತುಕೊಂಡಂತಾಗಲಿಲ್ಲ ಎಂಬುದು ತರ್ಕ. ರಾಜ್ಯ ಸರಕಾರ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. ಕಾನೂನಿನ ವಾದ ಕಾನೂನಿನವರಿಗೆ ಇರಲಿ. ನಮ್ಮನ್ನು ಕಾಡುವುದು ಬೇರೆ ಸಂಗತಿ. ಬಂಧನದಿಂದ ಆ ತೀರ್ಪಿನವರೆಗೆ ಎರಡು ವರ್ಷ ಎರಡು ತಿಂಗಳು ಹಿಡಿಯಿತು. ಬಂಧನದ ವೇಳೆ ಗೌತಮ್‌ಗೆ 33 ವರ್ಷ. ಆ ವಯಸ್ಸಿನ ವಿಕೆಟ್ ಕೀಪರಿಗೆ ಎರಡು ವರ್ಷವೆಂದರೆ ಏನೆಂಬುದು ಆಟ ಬಲ್ಲವರಿಗೆ ಗೊತ್ತು.

ನೆರೆಯ ಕೇರಳದ ಶ್ರೀಶಾಂತ್ ಕತೆಯೂ ಇದೇ ಲೆಕ್ಕದ್ದು. 2013ರ ಮೇ ತಿಂಗಳಲ್ಲಿ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಬಂಧನ, ತಿಹಾರ್ ಜೈಲು, ಮಂಡಳಿಯಿಂದ ಆಜೀವ ನಿಷೇಧ. 2015ರಲ್ಲಿ ದೆಹಲಿಯ ನ್ಯಾಯಾಲಯ ಆರೋಪದಿಂದ ಬಿಡುಗಡೆ ಮಾಡಿತು, ನಿಷೇಧ ಹೋಗಲಿಲ್ಲ. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯ ಪ್ರಮಾಣವನ್ನು ಮತ್ತೆ ಪರಿಶೀಲಿಸುವಂತೆ ಹೇಳಿದ ಮೇಲೆ ಅದು ಏಳು ವರ್ಷಕ್ಕಿಳಿಯಿತು. 2021ರ ಜನವರಿಯಲ್ಲಿ ಕೇರಳದ ಪರವಾಗಿ ಮತ್ತೆ ಚೆಂಡು ಹಿಡಿದಾಗ ಅವರಿಗೆ 37. ಮರುವರ್ಷ ನಿವೃತ್ತಿ. ವೇಗದ ಬೌಲರಿನ ಒಳ್ಳೆಯ ವರ್ಷಗಳೆಲ್ಲ ಆ ಏಳರಲ್ಲೇ ಕರಗಿಹೋಗಿದ್ದವು.

ಇಲ್ಲಿ ಒಂದು ವಾದ ಹುಟ್ಟುತ್ತದೆ. ಆಟಗಾರನ ಆಯುಷ್ಯವೇ ಹದಿನೈದು ವರ್ಷ. ಮೂವತ್ತೈದಕ್ಕೆ ಅವನ ಕಾಲು ಸೋಲುತ್ತದೆ. ವಕೀಲನೋ ವ್ಯಾಪಾರಿಯೋ ಮೂರು ವರ್ಷ ಜೈಲಿನಲ್ಲಿದ್ದು ಬಂದರೆ ಉಳಿದ ಬದುಕಿರುತ್ತದೆ. ಫುಟ್‌ಬಾಲಿನವನಿಗೆ ಮೂರು ವರ್ಷವೆಂದರೆ ಬದುಕಿನ ಐದನೆಯ ಒಂದು ಪಾಲು. ಹಾಗಾದರೆ ಒಂದೇ ಅಪರಾಧಕ್ಕೆ ಅವನಿಗೆ ಹೆಚ್ಚು ಶಿಕ್ಷೆಯಾದಂತಾಗಲಿಲ್ಲವೇ? ಪ್ರತಿಭೆಯನ್ನು ನೋಡಿ ಸ್ವಲ್ಪ ಕರುಣೆ ತೋರಿಸಬಾರದೇ?

ಕೇಳಲು ಚೆಂದದ ವಾದ. ನಾವೂ ಒಂದು ಕಾಲದಲ್ಲಿ ಒಪ್ಪಿದ್ದೆವು. ಆದರೆ ಇದೇ ಅಳತೆಗೋಲನ್ನು ಗಾರೆ ಕೆಲಸದವನಿಗೆ ಇಟ್ಟು ನೋಡಿ. ಅವನ ಬೆನ್ನೂ ಮುಂಚೆಯೇ ಸೋಲುತ್ತದೆ. ಅವನು ಜೈಲಿಗೆ ಹೋದ ದಿನ ಮನೆಯ ಒಲೆ ಆರುತ್ತದೆ, ಮಗಳ ಶಾಲೆ ನಿಲ್ಲುತ್ತದೆ. ಅವನ ಭವಿಷ್ಯ ಏನಾಗಬಹುದು ಎಂದು ಯಾವ ಪತ್ರಿಕೆಯಾದರೂ ಬರೆದದ್ದುಂಟೇ? 2022ರ ಸರಕಾರಿ ಅಂಕಿಅಂಶದಂತೆ ನಮ್ಮ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಅವರ ಕಳೆದುಹೋದ ವರ್ಷಗಳಿಗೆ ಯಾರೂ ಸ್ಕೋರು ಬರೆದಿಡುವುದಿಲ್ಲ. ಚೆಂಡನ್ನು ಚೆನ್ನಾಗಿ ಒದೆಯುತ್ತಾನೆಂಬ ಕಾರಣಕ್ಕೆ ಒಬ್ಬನಿಗೆ ಸಿಗುವ ಕರುಣೆ ನ್ಯಾಯವಾಗಲಾರದು. ಸಿಗುವುದಾದರೆ ಎಲ್ಲರಿಗೂ ಸಿಗಬೇಕು.

ಆಟಗಾರನ ಜೈಲುವಾಸದ ಬಗ್ಗೆ ಹೆಚ್ಚು ತಲೆಕೆಡಿಸಿಕೊಂಡವರು ಇಂಗ್ಲೆಂಡಿನ ಫುಟ್‌ಬಾಲ್ ಪ್ರೇಮಿಗಳು. ಅಲ್ಲಿಯ ಮೂವರ ಕತೆಗಳಿಂದ ನಾವು ಮೂರು ಪಾಠ ಕಲಿಯಬಹುದು.

ಮೊದಲನೆಯವರು ಆರ್ಸೆನಲ್ ತಂಡದ ನಾಯಕ ಟೋನಿ ಆಡಮ್ಸ್. ಕುಡಿದು ಕಾರು ಓಡಿಸಿ ಗೋಡೆಗೆ ಗುದ್ದಿದ್ದಕ್ಕೆ 1990ರ ಡಿಸೆಂಬರಿನಲ್ಲಿ ನಾಲ್ಕು ತಿಂಗಳ ಸಜೆಯಾಯಿತು. ಅರ್ಧ ಕಳೆದು ಹೊರಬಂದರು. ಕ್ಲಬ್ಬು ಕೈಬಿಡಲಿಲ್ಲ, ಜನ ಚಪ್ಪಾಳೆ ತಟ್ಟಿ ಸ್ವಾಗತಿಸಿದರು, ಆ ವರ್ಷವೇ ತಂಡ ಲೀಗ್ ಗೆದ್ದಿತು. ಎಲ್ಲ ಸುಖಾಂತ್ಯವಾಯಿತು ಎನ್ನುವಂತಿಲ್ಲ. ಕುಡಿತ ಮುಂದುವರಿಯಿತು. ತಾನು ಮದ್ಯವ್ಯಸನಿ ಎಂದು ಅವರು ಬಾಯಿಬಿಟ್ಟು ಹೇಳಿಕೊಂಡದ್ದು 1996ರಲ್ಲಿ. ಚಪ್ಪಾಳೆ ಮೊದಲು ಬಂತು, ಪಶ್ಚಾತ್ತಾಪ ಆರು ವರ್ಷದ ಮೇಲೆ ಬಂತು. 2000ದಲ್ಲಿ ವ್ಯಸನಕ್ಕೆ ಬಿದ್ದ ಆಟಗಾರರಿಗಾಗಿ ಒಂದು ಚಿಕಿತ್ಸಾ ಕೇಂದ್ರ ತೆರೆದು ಅವರು ತಮ್ಮ ಸಾಲ ತೀರಿಸತೊಡಗಿದರು. ಸುಲಭವಾಗಿ ಸಿಕ್ಕ ಕ್ಷಮೆ ಮನುಷ್ಯನನ್ನು ಗುಣಪಡಿಸುವುದಿಲ್ಲ ಎಂಬುದು ಮೊದಲ ಪಾಠ.

ಎರಡನೆಯವರು ಲೀ ಹ್ಯೂಸ್. ಇವರ ಕಾರು ಗುದ್ದಿ ಒಬ್ಬರು ಸತ್ತರು. ನಿಂತು ನೋಡದೆ ಓಡಿಹೋಗಿ ಆಮೇಲೆ ಪೊಲೀಸರಿಗೆ ಶರಣಾದರು. 2004ರಲ್ಲಿ ಆರು ವರ್ಷದ ಶಿಕ್ಷೆ. ಮೂರು ವರ್ಷ ಕಳೆದು 2007ರಲ್ಲಿ ಹೊರಬಂದಾಗ ಓಲ್ಡಮ್ ತಂಡ ಸೇರಿಸಿಕೊಂಡಿತು, ಅವರು ಮತ್ತೆ ಗೋಲು ಹೊಡೆದರು. ಕಾನೂನಿನ ಲೆಕ್ಕ ಸರಿಹೋಯಿತು. ಆದರೆ ಕ್ಷಮಿಸುವ ಹಕ್ಕಿದ್ದವನು ಮಣ್ಣಿನಡಿಯಲ್ಲಿದ್ದ. ಅವನ ಪರವಾಗಿ ಕ್ಷಮಿಸಲು ಕ್ರೀಡಾಂಗಣದ ಸಾವಿರಾರು ಮಂದಿಗೆ ಅಧಿಕಾರ ಕೊಟ್ಟವರಾರು?

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ವೇಲ್ಸ್ ದೇಶದ ಆಟಗಾರ ಚೆಡ್ ಇವಾನ್ಸ್‌ಗೆ 2012ರಲ್ಲಿ ಅತ್ಯಾಚಾರದ ಆರೋಪದ ಮೇಲೆ ಐದು ವರ್ಷ ಶಿಕ್ಷೆಯಾಯಿತು. 2014ರಲ್ಲಿ ಹೊರಬಂದಾಗ ಹಳೆಯ ತಂಡ ಶೆಫೀಲ್ಡ್ ಯುನೈಟೆಡ್ ಅಭ್ಯಾಸಕ್ಕೆ ಕರೆಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ವಿರೋಧಿಸಿ ಸಹಿ ಹಾಕಿದರು, ಕ್ಲಬ್ಬು ಹಿಂದೆ ಸರಿಯಿತು. ಇನ್ನೊಂದು ಕ್ಲಬ್ಬೂ ಹಾಗೆಯೇ ಹಿಂದೆ ಸರಿಯಿತು. 2016ರಲ್ಲಿ ಮೇಲಿನ ನ್ಯಾಯಾಲಯ ಶಿಕ್ಷೆ ರದ್ದುಮಾಡಿತು, ಮರುವಿಚಾರಣೆಯಲ್ಲಿ ಅವರು ನಿರ್ದೋಷಿ ಎಂದಾಯಿತು. ಇತ್ತ, ಮೊದಲ ತೀರ್ಪಿನ ಹೊತ್ತಿಗೇ ಕೆಲವರು ಕಾನೂನು ಮುರಿದು ಆ ಯುವತಿಯ ಹೆಸರನ್ನು ಬೀದಿಗೆಳೆದಿದ್ದರು, ಅದಕ್ಕಾಗಿ ಅವರು ದಂಡವನ್ನೂ ತೆತ್ತರು. ಆಟಗಾರನ ಭವಿಷ್ಯದ ಬಗ್ಗೆ ನಾಲ್ಕು ವರ್ಷ ಚರ್ಚೆ ನಡೆಯಿತು. ಆ ಹುಡುಗಿಯ ಭವಿಷ್ಯದ ಬಗ್ಗೆ ಚರ್ಚೆ ಮಾಡಿದವರು ಎಷ್ಟು ಮಂದಿ? ಎರಡೂ ಕಡೆ ಕೂಗಿದವರಿಗೆ ಯಾವ ಅನುಮಾನವೂ ಇರಲಿಲ್ಲ. ನಮ್ಮ ಖಾತ್ರಿಯ ಬಗ್ಗೆ ನಮಗೇ ಸ್ವಲ್ಪ ಸಂಶಯವಿರಬೇಕು ಎಂಬುದು ಇದರ ಪಾಠ.

ಇಷ್ಟೆಲ್ಲ ಯೋಚಿಸಿದ ಮೇಲೆ ನಮಗೆ ತೋರಿದ್ದು ಇದು. ಜೈಲಿನಿಂದ ಬಂದವನು ಕೇಳುವುದು ಒಂದಲ್ಲ, ಮೂರು. ನಾವು ಮೂರನ್ನೂ ಒಂದೇ ಗಂಟು ಕಟ್ಟಿ ಕೊಡುತ್ತೇವೆ, ಇಲ್ಲವೇ ಮೂರನ್ನೂ ಕಿತ್ತುಕೊಳ್ಳುತ್ತೇವೆ.

ಮೊದಲನೆಯದು ದುಡಿಮೆ. ಇದು ಅವನ ಹಕ್ಕು. ಶಿಕ್ಷೆ ಮುಗಿದ ಮೇಲೂ ಅನ್ನಕ್ಕೆ ಅಡ್ಡಬಂದರೆ ನಾವು ನ್ಯಾಯಾಲಯ ಕೊಡದ ಶಿಕ್ಷೆಯನ್ನು ಕೊಟ್ಟಂತೆ. ಇದಕ್ಕೊಂದು ಮಿತಿಯುಂಟು: ಮಕ್ಕಳನ್ನು ಕೆಡಿಸಿದವನ ಕೈಗೆ ಮಕ್ಕಳ ತಂಡವನ್ನು ಒಪ್ಪಿಸುವುದು ಕರುಣೆಯಾಗುವುದಿಲ್ಲ. ಎರಡನೆಯದು ಮೆಚ್ಚುಗೆ. ಜೈಕಾರ, ನಾಯಕನ ಪಟ್ಟ, ಗೋಡೆಯ ಮೇಲಿನ ಚಿತ್ರ. ಇದು ಯಾರ ಹಕ್ಕೂ ಅಲ್ಲ. ಕೊಡುವುದೂ ಬಿಡುವುದೂ ನೋಡುವವರ ಮನಸ್ಸಿಗೆ ಸೇರಿದ್ದು. ಮೂರನೆಯದು ಕ್ಷಮೆ. ಅದು ನಮ್ಮ ಬಳಿ ಇಲ್ಲವೇ ಇಲ್ಲ. ಪೆಟ್ಟು ತಿಂದವರ ಬಳಿ ಇದೆ.

ಚಿಕ್ಕಂದಿನಲ್ಲಿ ಮದರಸಾದ ಉಸ್ತಾದರು ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಹಕ್ಕುಗಳು ಎರಡು ಬಗೆ. ದೇವರ ಹಕ್ಕು ಒಂದು, ಮನುಷ್ಯರ ಹಕ್ಕು ಇನ್ನೊಂದು. ದೇವರ ವಿಷಯದಲ್ಲಿ ತಪ್ಪಿದರೆ ತೌಬಾ ಮಾಡಿ ಅವನ ಮುಂದೆ ಅತ್ತರೆ ಸಾಕು. ಮನುಷ್ಯರ ಹಕ್ಕನ್ನು ತುಳಿದರೆ ರಾತ್ರಿಯಿಡೀ ನಮಾಜು ಮಾಡಿದರೂ ಸಾಲದು, ಆ ಮನುಷ್ಯನ ಬಾಗಿಲಿಗೇ ಹೋಗಬೇಕು. ನಮ್ಮ ಉರ್ದುವಿನ ತೌಬಾ ಎಂಬ ಮಾತಿನ ಮೂಲದಲ್ಲಿ ಹಿಂದಿರುಗುವುದು ಎಂಬ ಅರ್ಥವಿದೆ. ಯಾವ ಧರ್ಮದವನಿಗೂ ಈ ಮಾತು ಹೊಸದಾಗಲಾರದು. ಹಿಂದಿರುಗಬೇಕು ನಿಜ, ಎಲ್ಲಿಗೆ? ಆಟಗಾರ ಸಾಮಾನ್ಯವಾಗಿ ಮೈದಾನಕ್ಕೆ ಹಿಂದಿರುಗುತ್ತಾನೆ. ಹೋಗಬೇಕಾದದ್ದು ಮೊದಲು ಆ ಮನೆಗೆ.

ಇದನ್ನು ನಮಗೆ ಕಲಿಸಿದ್ದು ಉಸ್ತಾದರಲ್ಲ. ಅವರು ಹೇಳಿದ್ದನ್ನು ಕಂಠಪಾಠ ಮಾಡಿದ್ದೆವು ಅಷ್ಟೆ. ಕಲಿಸಿದ್ದು ಕಣ್ಣು ಕಳೆದುಕೊಂಡ ಹುಡುಗನ ತಾಯಿ. ವಿಜಯನಗರದ ಮಾರುಕಟ್ಟೆಯ ಬಳಿ ಹೂ ಮಾರುತ್ತಾರೆ. ಆ "ನೋಡೋಣ"ದ ಮುಜುಗರ ತಾಳಲಾರದೆ ಒಂದು ಸಂಜೆ ಅವರ ಬಳಿ ಹೋಗಿ, ಅವನನ್ನು ಮತ್ತೆ ಆಟಕ್ಕೆ ಸೇರಿಸಿಕೊಂಡರೆ ನಿಮಗೆ ನೋವಾಗುತ್ತದೆಯೇ ಎಂದು ಕೇಳಿದೆವು. ಆಕೆ ಹೂವಿನಿಂದ ಕೈ ತೆಗೆಯದೆ ಹೇಳಿದರು: "ಆಡಲಿ ಬಿಡಣ್ಣ. ಅವನು ಆಡದಿದ್ರೆ ನನ್ ಮಗನ ಕಣ್ಣು ಬರ್ತದಾ? ಆದ್ರೆ ಒಂದ್ ಸಲ ಮನೆಗೆ ಬಂದು ಹೋಗ್ಬೇಕಿತ್ತು. ಕೋರ್ಟಲ್ಲೂ ಅವನು ಜಡ್ಜ್ ಕಡೆ ನೋಡ್ದ, ನಮ್ ಕಡೆ ನೋಡ್ಲಿಲ್ಲ. ನೀವೂ ಇಷ್ಟು ದಿನ ಬರ್ಲಿಲ್ಲ."

ಕೊನೆಯ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಯಲಿನಲ್ಲಿ ಕುಳಿತು ನಾವೆಲ್ಲ ಗೋಲ್‌ಕೀಪರಿನ ಭವಿಷ್ಯದ ಬಗ್ಗೆ ಮಾತನಾಡಿದ್ದೆವು. ಆ ಹುಡುಗ ಇನ್ನೊಂದು ಕಣ್ಣಿನಲ್ಲಿ ಏನು ಕೆಲಸ ಮಾಡುತ್ತಾನೆಂದು ಒಬ್ಬರೂ ವಿಚಾರಿಸಿರಲಿಲ್ಲ.

ಮರುದಿನ ಕಾಮಾಕ್ಷಿಪಾಳ್ಯಕ್ಕೆ ಹೋದೆವು. ಲೇತ್ ಅಂಗಡಿಯ ಮಾಲೀಕರು ಅವನನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡಿದ್ದರು. ದೊಡ್ಡ ಕ್ಲಬ್ಬುಗಳು ಸಹಿ ಸಂಗ್ರಹಕ್ಕೆ ಹೆದರಿ ಮಾಡಲಾಗದ್ದನ್ನು ಅವರು ಯಾರನ್ನೂ ಕೇಳದೆ ಮಾಡಿದ್ದರು. ಹುಡುಗನಿಗೆ ಆ ತಾಯಿಯ ಮಾತನ್ನು ತಿಳಿಸಿದೆವು. ನಮ್ಮ ತಪ್ಪನ್ನೂ ಒಪ್ಪಿಕೊಂಡೆವು. ಅವನು ಯಂತ್ರ ನಿಲ್ಲಿಸಿ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, "ಅಲ್ಲಿಗೆ ಹೋಗೋಕೆ ಜೈಲಿಗೆ ಹೋಗೋದಕ್ಕಿಂತ ಹೆಚ್ಚು ಭಯ ಆಗುತ್ತೆ ಚಾಚಾ. ನೀವೂ ಬರ್ತೀರಾ?" ಎಂದ.

ಈ ಸಲ ನಾವು "ನೋಡೋಣ" ಎನ್ನಲಿಲ್ಲ.